ಬಾಕಿಯಿಂದ ಶುರುವಾದ ಸಂಬಳ

ನಮ್ಮ ಕಡೆಯ ಹೋಟೆಲ್ ಹುಡುಗರ ಸಂಬಳ ಆಗ ಬಾಕಿಯಿಂದಲೇ ಶುರುವಾಗುತ್ತಿತ್ತು. ಊರಿನಿಂದ ಕರೆದುಕೊಂಡು ಹೋದವರು ಬಸ್ಸಿನ ಚಾರ್ಜು ಹಾಕಿರುತ್ತಾರೆ, ದಾರಿಯಲ್ಲಿ ಊಟ ಕೊಡಿಸಿರುತ್ತಾರೆ, ಮುಂಬಯಿಯಲ್ಲಿ ಇಳಿದ ಮೇಲೆ ಎರಡು ಖಾಕಿ ಚಡ್ಡಿ, ಎರಡು ಬನಿಯನ್ ತೆಗೆಸಿಕೊಟ್ಟಿರುತ್ತಾರೆ. ಅಷ್ಟೂ ಧಣಿಗಳ ಕೆಂಪು ರಟ್ಟಿನ ಉದ್ದ ಪುಸ್ತಕದಲ್ಲಿ ಹುಡುಗನ ಹೆಸರಿನಡಿ ಖರ್ಚಿಗೆ ಬೀಳುತ್ತಿತ್ತು. ನಾನು ಏಳನೇ ಕ್ಲಾಸು ಮುಗಿಸಿ ಮುಂಬಯಿಯ ಫೋರ್ಟಿನ ಒಂದು ಹೋಟೆಲಿಗೆ ಸೇರಿದ್ದು 1968ರ ಮಳೆಗಾಲದಲ್ಲಿ. ತಿಂಗಳಿಗೆ 20 ರೂಪಾಯಿ, ಮೇಲೆ ಊಟ, ರಾತ್ರಿ ಟೇಬಲ್ ಜೋಡಿಸಿ ಮಲಗಲು ಜಾಗ. ಮೊದಮೊದಲು ದುಡಿದದ್ದೆಲ್ಲ ಬಸ್ಸಿಗೂ ಚಡ್ಡಿಗೂ ಸರಿಹೋಯಿತು.

ಕೊಂಕಣ ರೈಲ್ವೆ ಪೂರ್ತಿಯಾದದ್ದು 1998ರಲ್ಲಿ. ಅದಕ್ಕೂ ಎಷ್ಟೋ ಮೊದಲು ನಾವು ಬಸ್ಸಿನಲ್ಲಿ ಕುಂದಾಪುರ ಬಿಟ್ಟು, ಘಟ್ಟ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ ಎಂದು ಸುತ್ತಿ ಹೋದವರು. ಕರೆದುಕೊಂಡು ಹೋದದ್ದು ಸೋದರಮಾವ. ಆ ಹೋಟೆಲಿನ ಧಣಿ ಅವರ ಹೆಂಡತಿಯ ಕಡೆಯ ನೆಂಟರು. ಮುಂಬಯಿಯ ಉಡುಪಿ ಹೋಟೆಲುಗಳೆಲ್ಲ ಹೆಚ್ಚುಕಡಿಮೆ ಹೀಗೇ ತುಂಬಿದವು. ಒಬ್ಬ ಹೋಗಿ ನೆಲೆ ಊರಿದರೆ ಅಳಿಯ, ಭಾವ, ನೆರೆಮನೆಯ ಹುಡುಗ ಹಿಂದೆಯೇ. 1942ರಲ್ಲಿ ಮಾಟುಂಗಾದಲ್ಲಿ ಊಟದ ಬೋರ್ಡಿಂಗ್ ತೆರೆದ ರಾಮ ನಾಯಕರಾಗಲಿ, ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣರಾಯರಾಗಲಿ ಕೆಳಗಿನ ಕೆಲಸದಿಂದಲೇ ಮೇಲೆ ಬಂದವರು. ಊರಲ್ಲಿ ನಮಗೆ ಹೇಳುತ್ತಿದ್ದದ್ದು ಇಂಥವರ ಕತೆ ಮಾತ್ರ. ಮೋರಿಯಲ್ಲಿ ಪಾತ್ರೆ ತೊಳೆಯುತ್ತಲೇ ಮುದುಕರಾದವರ ಕತೆ ಯಾರೂ ಹೇಳಲಿಲ್ಲ.

ಹೊಸಬನಿಗೆ ಮೊದಲು ಮೋರಿ, ಅಂದರೆ ಪಾತ್ರೆ ತೊಳೆಯುವುದು. ಆಮೇಲೆ ಕೈಗೆ ಫಡ್ಕಾ ಬರುತ್ತಿತ್ತು, ಟೇಬಲ್ ಒರೆಸುವುದು. ಅದರಾಚೆ ಬಾಹರ್‌ವಾಲಾ: ತಂತಿಯ ಸ್ಟ್ಯಾಂಡಿನಲ್ಲಿ ಚಾ ಗ್ಲಾಸು ಇಟ್ಟುಕೊಂಡು ಆಫೀಸುಗಳ ಮೆಟ್ಟಿಲು ಹತ್ತುವವ. ವೇಟರ್ ಆದರೆ ಟಿಪ್ಸ್ ಉಂಟು. ಎಲ್ಲಕ್ಕಿಂತ ಮೇಲೆ ಗಲ್ಲಾ, ಅಲ್ಲಿ ನಂಬಿಕೆಯವರು ಕೂರಬೇಕು. ಗ್ಲಾಸು ಒಡೆದರೆ ಅದೂ ಪುಸ್ತಕಕ್ಕೆ. ನನ್ನ ಹೆಸರಿನ ಹಾಳೆಯಲ್ಲಿ ‘ಗ್ಲಾಸು’ ಎಂಬ ಮಾತು ‘ಜಮೆ’ಗಿಂತ ಹೆಚ್ಚು ಸಲ ಇತ್ತು ಎಂದರೆ ಸುಳ್ಳಲ್ಲ.

ಸಂಬಳದ ದಿನ ಅಂತ ಒಂದು ಇರಲೇ ಇಲ್ಲ. ತಿಂಗಳ ಕೊನೆಗೆ ಧಣಿಗಳು ಪುಸ್ತಕ ತೆರೆದು, ಕನ್ನಡಕದ ಮೇಲಿಂದ ನೋಡಿ, “ಮಾಣಿ, ಊರಿಗೆ ಎಷ್ಟು ಕಳಿಸುವುದು?” ಎಂದು ಕೇಳುತ್ತಿದ್ದರು. ಕೇಳಿದ್ದೇ ದೊಡ್ಡದು. ಬಾಕಿ ಚುಕ್ತಾ ಆದ ಮೇಲೆ ಮೊದಲ ಸಲ 15 ರೂಪಾಯಿ ಎಂದೆ. ನೋಟು ನನ್ನ ಕೈಗೆ ಬರಲಿಲ್ಲ. ಗಲ್ಲಾದಿಂದ ತೆಗೆದು, ಅಂಚೆ ಕಚೇರಿಗೆ ಹೋಗುವವನ ಚೀಲಕ್ಕೆ ಹಾಕಿದರು.

ಮನಿಆರ್ಡರ್ ಫಾರಮ್ಮು ಮಾತ್ರ ನನ್ನ ಕೈಗೆ ಬಂತು. ವಿಳಾಸ ಇಂಗ್ಲಿಷಿನಲ್ಲಿ ಬೇಕಿತ್ತು, ಅದನ್ನು ಹಿರಿಯ ವೇಟರ್ ಒಬ್ಬ ಬರೆದುಕೊಟ್ಟ. ಕೆಳತುದಿಯಲ್ಲಿ ಒಂದು ಸಣ್ಣ ಕೂಪನ್ ಇರುತ್ತಿತ್ತು, ನಾಲ್ಕು ಸಾಲು ಬರೆಯುವಷ್ಟು ಜಾಗ. ಪೋಸ್ಟ್‌ಮ್ಯಾನ್ ಅದನ್ನು ಹರಿದು ಹಣದ ಜೊತೆ ಮನೆಯವರಿಗೆ ಕೊಡುತ್ತಿದ್ದ. ‘ನಾನು ಕ್ಷೇಮ. ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂದು ಬರೆದೆ, ಎಲ್ಲರೂ ಬರೆಯುತ್ತಿದ್ದದ್ದು ಅದನ್ನೇ. ಕೆಲವು ದಿನಕ್ಕೆ ಹಣ ಪಡೆದವರ ಚೀಟಿ ತಿರುಗಿ ಬಂತು: ಅಮ್ಮನ ಎಡಗೈ ಹೆಬ್ಬೆಟ್ಟು, ಪಕ್ಕದಲ್ಲಿ ಸಾಕ್ಷಿಯಾಗಿ ಶಾಲೆಯ ಮಾಸ್ಟರ ಸಹಿ. ಹೆಬ್ಬೆಟ್ಟಿನ ಒಂದು ಬದಿ ಶಾಯಿ ಹೆಚ್ಚಾಗಿ ಹರಡಿತ್ತು. ನಾನು ದುಡಿದೆ ಎನ್ನುವುದಕ್ಕೆ ನನ್ನ ಕೈಯಲ್ಲಿದ್ದ ಮೊದಲ ಕಾಗದ ಅದು. ಟ್ರಂಕಿನ ತಳಕ್ಕೆ ಹಾಕಿದೆ, ಮುಂದಿನವನ್ನೂ ಅಲ್ಲೇ ಹಾಕುತ್ತ ಹೋದೆ.

1969ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ-ಕರ್ನಾಟಕ ಗಡಿ ವಿವಾದದ ಗಲಭೆ ಎದ್ದಾಗ ಶಟರ್ ಎಳೆದು ಒಳಗೇ ಕೂತಿದ್ದೆವು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದ ಸುದ್ದಿ ಬರುತ್ತಿತ್ತು. ಧಣಿಗಳು ಆ ದಿನಗಳ ಸಂಬಳ ಹಿಡಿಯಲಿಲ್ಲ, ಇದನ್ನೂ ಹೇಳಬೇಕು. ಜಾರ್ಜ್ ಫರ್ನಾಂಡಿಸ್ ನಮ್ಮ ಜಿಲ್ಲೆಯವರು, ಮಂಗಳೂರಿನಲ್ಲಿ ಹೋಟೆಲ್ ಕಾರ್ಮಿಕರನ್ನೂ ಸಂಘಟಿಸಿ ಸಾರ್ವಜನಿಕ ಜೀವನ ಶುರುಮಾಡಿದವರು, 1967ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ್ದರು. ನಮಗೆಲ್ಲ ಅದು ಹೆಮ್ಮೆ. ಆದರೆ ನಮ್ಮ ಹೋಟೆಲಿನೊಳಗೆ ಯೂನಿಯನ್ ಕಾಲಿಡಲಿಲ್ಲ. ಧಣಿಯೇ ನೆಂಟನಾದರೆ ಮುಷ್ಕರ ಮಾಡಿ ಮದುವೆಮನೆಯಲ್ಲಿ ಮುಖ ತೋರಿಸುವುದು ಹೇಗೆ ಮಾರಾಯ್ರೆ?

ರಾತ್ರಿ ಶಾಲೆ ನಮಗಿದ್ದ ದೊಡ್ಡ ಬಾಗಿಲು. ಮೊಗವೀರ ಸಮಾಜದವರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಂಬಯಿಯಲ್ಲಿ ಕನ್ನಡದ ಉಚಿತ ರಾತ್ರಿ ಶಾಲೆ ತೆರೆದಿದ್ದರು, ಬೇರೆಯವೂ ಇದ್ದವು. ಕ್ಲಾಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದರು. ಎಸ್ಸೆಸ್ಸಿ ಮಾಡಿಕೊಂಡವರು ಬ್ಯಾಂಕು, ಆಫೀಸು ಎಂದು ಹೊರಟರು. ನಾನೂ ಪ್ಯೂನ್ ಆದೆ. ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಹಾಕಿ, ನೋಟು ಎಣಿಸಿ ಜೇಬಿಗೆ ಹಾಕಿಕೊಂಡದ್ದು ಅಲ್ಲಿಯೇ ಮೊದಲು.

ಹೋಟೆಲಿನಿಂದ ನಾನು ಊರಿಗೆ ಕಳಿಸಿದ ಹಣ ಎಲ್ಲಿಗೆ ಹೋಯಿತು ಎಂದರೆ ಗೇಣಿಗೆ. ನಮ್ಮದು ಚಾಲಗೇಣಿ ಒಕ್ಕಲು, ಖಾಯಂ ಹಕ್ಕಿಲ್ಲದ್ದು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಒಡೆಯರ ಮನೆಗೆ ಅಳೆಯಬೇಕಿತ್ತು. ಬೆಳೆ ಕಡಿಮೆಯಾದ ವರ್ಷ ಅಕ್ಕಿ ಕೊಂಡು ಅಳೆದರು, ನನ್ನ ಮನಿಆರ್ಡರಿನಲ್ಲಿ. ಹಾಗೆ ಅಳೆದದ್ದರಿಂದಲೇ ಒಕ್ಕಲು ಬಿಡಿಸಲಿಲ್ಲ. ಆಮೇಲೆ ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಬಂತು. 1974ರ ಮಾರ್ಚಿನಿಂದ ಉಳುವವನಿಗೇ ಭೂಮಿ. ಫಾರಂ ನಂಬರ್ 7 ತುಂಬಿ ಟ್ರಿಬ್ಯೂನಲಿಗೆ ಕೊಡಬೇಕಿತ್ತು. ಊರಲ್ಲಿದ್ದು ಉತ್ತವ ಅಣ್ಣ, ಆದ್ದರಿಂದ ಅರ್ಜಿ ಅವನ ಹೆಸರಿನಲ್ಲಿ. ಕರಾವಳಿಯಲ್ಲಿ ಇಂಥ ಮನೆಗಳು ಎಷ್ಟೋ. ಒಬ್ಬ ಉತ್ತ, ಇನ್ನೊಬ್ಬ ಗ್ಲಾಸು ತೊಳೆದು ಗೇಣಿ ತುಂಬಿದ. ಕಾನೂನಿನ ಕಣ್ಣಿಗೆ ಕಂಡದ್ದು ನೇಗಿಲು ಮಾತ್ರ. ಕಾನೂನು ಮಾಡಿದ್ದು ತಪ್ಪು ಎನ್ನುವುದಿಲ್ಲ, ಅದಿಲ್ಲದಿದ್ದರೆ ಯಾರಿಗೂ ಏನೂ ಇರುತ್ತಿರಲಿಲ್ಲ.

ಭೂಮಿ ಅಣ್ಣನ ಹೆಸರಿಗಾಗಿ ಪಾಲಿನ ಮಾತು ಬಂದಾಗ ಕುಂದಾಪುರದ ವಕೀಲರು ಕೇಳಿದ್ದೇ, “ಮನಿಆರ್ಡರ್ ಚೀಟಿ ಏನಾದರೂ ಉಂಟಾ?” ಟ್ರಂಕಿನಲ್ಲಿದ್ದವನ್ನೆಲ್ಲ ತಂದು ಸುರಿದೆ. ಅವರು ಒಂದೊಂದನ್ನೇ ತಿರುಗಿಸಿ ನೋಡಿ, ಹಣ ಹೋದದ್ದಕ್ಕೆ ಇದು ಸಾಕ್ಷಿ, ಗೇಣಿಗೆ ಹೋಯಿತು ಎನ್ನುವುದಕ್ಕೆ ಅಲ್ಲ ಎಂದರು. ಅಮ್ಮ ತೆಗೆದಿಟ್ಟಿದ್ದ ಕೂಪನ್ನುಗಳಲ್ಲೂ ಕ್ಷೇಮದ ಮಾತು ಬಿಟ್ಟರೆ ಬೇರೇನಿಲ್ಲ. ಕೋರ್ಟಿಗೆ ಹೋಗಲಿಲ್ಲ. ಅಮ್ಮ ಕೂತು ಮಾತಾಡಿಸಿದಳು, ಅಣ್ಣ ಬೆಟ್ಟುಗದ್ದೆ ನನ್ನ ಹೆಸರಿಗೆ ಮಾಡಿಕೊಟ್ಟ. ಮಳೆ ನಂಬಿದ ಗದ್ದೆ, ವರ್ಷಕ್ಕೆ ಒಂದೇ ಬೆಳೆ. ನೀರಿನ ಬೈಲುಗದ್ದೆ ಅವನಲ್ಲೇ ಉಳಿಯಿತು.