ಗಾಣಗಾಪುರದ ನಂಬಿಕೆಯೂ ಮಿದುಳಿನ ತರಂಗಲೇಖವೂ: ಮಕ್ಕಳ ಅಪಸ್ಮಾರ ನಿದಾನದ ಚರಿತ್ರೆ

ಭೀಮಾ-ಅಮರಜಾ ನದಿಗಳ ಸಂಗಮದ ಬಳಿಯಿರುವ ಗಾಣಗಾಪುರವು ಶ್ರೀ ನೃಸಿಂಹಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ನೆಲೆಸಿದ ದತ್ತಕ್ಷೇತ್ರ. ಭೂತಬಾಧೆಗೆ ಒಳಗಾದರೆಂದು ನಂಬಲಾದವರನ್ನು ಬಂಧುಗಳು ಇಲ್ಲಿಗೆ ಕರೆತಂದು ಸೇವೆಗಿರಿಸುವುದು ಬಹುಕಾಲದ ರೂಢಿ. ಒಮ್ಮೆಲೇ ಮೈ ಸೆಟೆದು ಪ್ರಜ್ಞೆ ತಪ್ಪುವ ಮಗುವನ್ನೂ ಬಾಧೆಗೊಳಗಾದುದೆಂದೇ ಬಗೆಯುವುದು ಸುಲಭ. ಭಕ್ತಿಯ ಬೆಲೆಯನ್ನು ಅಳೆಯುವುದು ನಮ್ಮ ಉದ್ದೇಶವಲ್ಲ. ಇಂತಹ ಮಗುವಿನ ರೋಗವನ್ನು ಗುರುತಿಸಲು ಸಾಧನವು ಹೇಗೆ ಒದಗಿತೆಂಬುದನ್ನಷ್ಟೇ ನಾವಿಲ್ಲಿ ಪರಿಶೀಲಿಸುತ್ತೇವೆ.

ಈ ಜಿಜ್ಞಾಸೆ ಹೊಸದಲ್ಲ. ಚರಕಸಂಹಿತೆಯು ಉನ್ಮಾದವನ್ನೂ ಅಪಸ್ಮಾರವನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ನಿರೂಪಿಸಿದೆ. ಆದರೆ ವೈದ್ಯನಿಗೆ ಕಣ್ಣಿಗೆ ಕಂಡ ಲಕ್ಷಣಗಳೇ ಆಧಾರವಾಗಿದ್ದುವು. 1875ರಲ್ಲಿ ಇಂಗ್ಲೆಂಡಿನ ರಿಚರ್ಡ್ ಕೇಟನ್ ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ಪ್ರವಾಹವನ್ನು ಗುರುತಿಸಿದನು. ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮಾನವನ ಮಿದುಳಿನ ತರಂಗಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದನು. ಮೊದಲು ಶಂಕೆಗೆ ಗುರಿಯಾದ ಈ ಶೋಧವನ್ನು 1934ರಲ್ಲಿ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ದೃಢಪಡಿಸಿದರು.

ಮರುವರ್ಷವೇ, ಅಂದರೆ 1935ರಲ್ಲಿ, ಬಾಸ್ಟನ್ನಿನ ಗಿಬ್ಸ್, ಡೇವಿಸ್ ಮತ್ತು ಲೆನಾಕ್ಸ್ ಇದನ್ನು ಅಪಸ್ಮಾರಕ್ಕೆ ಅನ್ವಯಿಸಿದರು. ಕೆಲವೇ ಸೆಕೆಂಡುಗಳ ಕಾಲ ಮಾತು ನಿಂತು, ನೋಟ ಶೂನ್ಯವಾಗಿ, ಮತ್ತೆ ಏನೂ ಆಗದಂತೆ ಎಚ್ಚರಗೊಳ್ಳುವ ರೋಗಿಗಳಲ್ಲಿ, ಸೆಕೆಂಡಿಗೆ ಸುಮಾರು 3ರಂತೆ ಮೊನೆಯೂ ಅಲೆಯೂ ಜೊತೆಗೂಡಿ ಮೂಡುವುದನ್ನು ಅವರು ಕಂಡರು. ಪಾಠದಲ್ಲಿ ಗಮನವಿಲ್ಲವೆಂದು ಉಪಾಧ್ಯಾಯರಿಂದ ಬೈಸಿಕೊಳ್ಳುವ ಮಗುವಿನ ನಿಜಸ್ಥಿತಿಯು ಹೀಗೆ ಕಾಗದದ ಮೇಲೆ ಕಾಣಿಸಿಕೊಂಡಿತು. ಮಗುವಿಗೆ ದೀರ್ಘವಾಗಿ, ವೇಗವಾಗಿ ಉಸಿರಾಡಲು ಹೇಳಿದರೆ ಈ ತರಂಗವು ಪರೀಕ್ಷೆಯ ಸಮಯದಲ್ಲೇ ಹೊಮ್ಮುವುದುಂಟು.

ನಮ್ಮ ನಾಡಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಅದೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. 1968ರಲ್ಲಿ ಬೆಂಗಳೂರಿನ ನರರೋಗತಜ್ಞ ಕೆ. ಎಸ್. ಮಣಿಯವರೂ ಸಹೋದ್ಯೋಗಿಗಳೂ, ತಲೆಗೆ ಬಿಸಿನೀರು ಹೊಯ್ದಾಗ ಬರುವ ಅಪಸ್ಮಾರವನ್ನು ವರದಿ ಮಾಡಿದರು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಈ ರೋಗವು ಯಂತ್ರದ ಮಿತಿಯನ್ನೂ ನಮಗೆ ತೋರಿಸಿಕೊಟ್ಟಿದೆ. ಏಕೆಂದರೆ, ಸೆಳವುಗಳ ನಡುವಣ ಅವಧಿಯಲ್ಲಿ ಇಂತಹ ಬಹುಪಾಲು ರೋಗಿಗಳ ತರಂಗಲೇಖವು ಸಹಜವಾಗಿಯೇ ಇರುತ್ತದೆ. ಸ್ನಾನ ಮಾಡಿಸುತ್ತಿದ್ದ ತಾಯಿಯ ಮಾತೇ ಇಲ್ಲಿ ಮುಖ್ಯ ಪ್ರಮಾಣ.

ಆದುದರಿಂದ ತರಂಗಲೇಖವು ಸಹಜವಾಗಿದ್ದ ಮಾತ್ರಕ್ಕೆ ರೋಗವಿಲ್ಲವೆನ್ನಲಾಗದು. ಸೆಳವೇ ಬಾರದ ಮಗುವಿನಲ್ಲಿ ತರಂಗವು ಅಸಹಜವಾಗಿ ಕಂಡರೂ ಅದಷ್ಟರಿಂದಲೇ ರೋಗವಿದೆಯೆನ್ನಲಾಗದು. ಕಂಡವರ ಹೇಳಿಕೆಯನ್ನೂ ಲೇಖವನ್ನೂ ಕೂಡಿಸಿ ನೋಡಿದಾಗಲೇ ನಿದಾನವು ಸಿದ್ಧಿಸುತ್ತದೆ. ಅನೇಕ ಮಕ್ಕಳ ಸೆಳವು ನಿತ್ಯದ ಔಷಧಿಯಿಂದ ಹತೋಟಿಗೆ ಬರುವುದಾದ್ದರಿಂದ, ವಿಳಂಬದ ನಷ್ಟವು ಮಗುವಿನ ಪಾಲಿಗೇ ಬರುತ್ತದೆ. ಗಾಣಗಾಪುರಕ್ಕೆ ಹರಕೆ ಹೊತ್ತ ಕುಟುಂಬವು ವೈದ್ಯರ ಬಳಿಗೂ ಹೋಗುವುದಕ್ಕೆ ಅಡ್ಡಿಯಿಲ್ಲ. ಆ ಮಾತನ್ನು ಮನೆಯವರಿಗೆ ತಿಳಿಯಹೇಳುವ ಹೊಣೆ ವಿದ್ಯಾವಂತರಾದ ನಮ್ಮೆಲ್ಲರದು.