ಕರೆಂಟ್ ಹೋಯ್ತು, ನೀರೂ ಹೋಯ್ತು!

ಕರೆಂಟ್ ಹೋದ್ರೆ ಮೋಟರ್ ಓಡಲ್ಲ, ಮೋಟರ್ ಓಡದಿದ್ರೆ ನಲ್ಲೀಲಿ ನೀರಿಲ್ಲ. ನಮಗೆಲ್ಲ ಗೊತ್ತಿರೋ ಕಥೆ. ಇದೇ ಕಥೆ ಭೂಮಿಯಿಂದ 3.2 ಲಕ್ಷ ಕಿ.ಮೀ. ದೂರದಲ್ಲಿ ನಡೆದ್ರೆ?

ಹೆಚ್ಚೆಂದ್ರೆ ಒಂದೂವರೆ ದಿನದ ಮರ್ಕ್ಯುರಿ ಯಾನಗಳಿಗೆ ಬ್ಯಾಟರಿ ಸಾಕಾಗಿತ್ತು. ಚಂದ್ರನಲ್ಲಿಗೆ ಹೋಗಿ ಬರೋಕೆ ಎಂಟು ಹತ್ತು ದಿನ ಬೇಕು, ಅಷ್ಟು ಬ್ಯಾಟರಿ ಹೊರಲಾರದಷ್ಟು ಭಾರ. ಆಗ ಕೈಹಿಡಿದದ್ದು ಇಂಧನಕೋಶ, ಅಂದ್ರೆ ಫ್ಯುಯೆಲ್ ಸೆಲ್. ಜಲಜನಕ ಮತ್ತು ಆಮ್ಲಜನಕ ಸೇರಿದಾಗ ವಿದ್ಯುತ್ ಹುಟ್ಟುತ್ತೆ, ಉಳಿಯೋ 'ಕಸ' ಅಂದ್ರೆ ನೀರು! 1839ರಲ್ಲೇ ವಿಲಿಯಂ ಗ್ರೋವ್ ಇದನ್ನ ತೋರಿಸಿದ್ದ. ಇಂಗ್ಲೆಂಡಿನ ಎಂಜಿನಿಯರ್ ಫ್ರಾನ್ಸಿಸ್ ಥಾಮಸ್ ಬೇಕನ್ ದಶಕಗಳ ಕಾಲ ಇದರ ಹಿಂದೆ ಬಿದ್ದು, 1959ರಲ್ಲಿ ಕೆಲಸಕ್ಕೆ ಬರುವಂಥ ಕೋಶ ಮಾಡಿದ. ಅವನ ಪೇಟೆಂಟುಗಳ ಲೈಸೆನ್ಸ್ ಪಡೆದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿ ಅಪೋಲೋಗೆ ಕೋಶಗಳನ್ನ ಕಟ್ಟಿಕೊಟ್ಟಿತು. ಅದಕ್ಕೂ ಮೊದಲು, 1965ರ ಜೆಮಿನಿ-5ರಲ್ಲಿ ಬೇರೊಂದು ಬಗೆಯ ಇಂಧನಕೋಶ ಎಂಟು ದಿನ ಓಡಿತ್ತು. ಅದರ ನೀರು ಮಾತ್ರ ಕುಡಿಯೋ ಹಾಗಿರಲಿಲ್ಲ. ಅಪೋಲೋದ ನೀರನ್ನ ಕುಡಿಯಬಹುದಿತ್ತು, ಆದ್ರೆ ಜಲಜನಕದ ಗುಳ್ಳೆ ಸೇರಿ ಹೊಟ್ಟೆಯೆಲ್ಲ ಗ್ಯಾಸ್!

ಅಪೋಲೋದಲ್ಲಿ ಇಂಥ ಕೋಶಗಳು ಮೂರಿದ್ದವು. ಒಂದು ಕೆಟ್ಟರೆ ಇನ್ನೆರಡು, ಅಲ್ವಾ? ಆದ್ರೆ ಮೂರಕ್ಕೂ ಆಮ್ಲಜನಕ ಕೊಡ್ತಿದ್ದದ್ದು ಅಕ್ಕಪಕ್ಕದಲ್ಲೇ ಇದ್ದ ಎರಡು ಟ್ಯಾಂಕುಗಳು. 1970ರ ಏಪ್ರಿಲ್ 13ರ ರಾತ್ರಿ ಅಪೋಲೋ-13ರಲ್ಲಿ ಒಂದು ಟ್ಯಾಂಕ್ ಸಿಡಿಯಿತು, ಇನ್ನೊಂದು ಸೋರಿಹೋಯಿತು. ಆಮ್ಲಜನಕ ಹೋಯ್ತು, ಹಾಗಾಗಿ ವಿದ್ಯುತ್ತೂ ಹೋಯ್ತು, ಹೊಸ ನೀರೂ ನಿಂತಿತು.

ಲವೆಲ್, ಸ್ವೈಗರ್ಟ್, ಹೇಯ್ಸ್ ಮೂವರೂ ಇಬ್ಬರಿಗೆಂದು ಮಾಡಿದ್ದ ಚಂದ್ರನೌಕೆ 'ಅಕ್ವೇರಿಯಸ್' ಸೇರಿಕೊಂಡರು. ಅದು ಬ್ಯಾಟರಿಯಲ್ಲಿ ಓಡ್ತಿತ್ತು. ಅದರಲ್ಲಿದ್ದ ಅಷ್ಟಿಷ್ಟು ನೀರು ಯಂತ್ರಗಳನ್ನ ತಣ್ಣಗಿಡೋಕೂ ಬೇಕು. ಹಾಗಾಗಿ ತಲಾ ದಿನಕ್ಕೆ ಒಂದು ಲೋಟದಷ್ಟೂ ನೀರು ಕುಡಿಯಲಿಲ್ಲ. ಹೇಯ್ಸ್‌ಗೆ ಮೂತ್ರದ ಸೋಂಕು, ಜ್ವರ ಬಂತು. ಏಪ್ರಿಲ್ 17ಕ್ಕೆ ಮೂವರೂ ಜೀವಂತ ಮರಳಿದರು.

ಕಾರಣ ಕೇಳಿದ್ರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಮೈ ಜುಂ ಅನ್ನುತ್ತೆ. ನೆಲದ ಮೇಲಿನ ಪರೀಕ್ಷೆಯ ವೋಲ್ಟೇಜನ್ನ 65ಕ್ಕೆ ಏರಿಸಿದ್ರು, ಟ್ಯಾಂಕ್ ಹೀಟರಿನ ಸ್ವಿಚ್ ಮಾತ್ರ ಹಳೇ 28 ವೋಲ್ಟಿನದ್ದೇ ಉಳಿಯಿತು. ಉಡಾವಣೆಗೆ ಮುಂಚೆ ನಡೆದ ಪರೀಕ್ಷೆಯಲ್ಲಿ ಸ್ವಿಚ್ ಬೆಸೆದುಹೋಯಿತು, ಹೀಟರ್ ಕಾದೇ ಕಾಯಿತು, ವೈರಿನ ಹೊದಿಕೆ ಸುಟ್ಟಿತು. ಯಾರ ಕಣ್ಣಿಗೂ ಬೀಳಲಿಲ್ಲ.

ಅಪೋಲೋ-14ಕ್ಕೆ ನಾಲ್ಕನೇ ಕೋಶ ಸೇರಿಸಲಿಲ್ಲ ನೋಡಿ. ದೂರದಲ್ಲಿ ಮೂರನೇ ಆಮ್ಲಜನಕ ಟ್ಯಾಂಕು, ಒಂದು ಬೇರೆ ಬ್ಯಾಟರಿ, ಒಂದಷ್ಟು ನೀರಿನ ದಾಸ್ತಾನು ಸೇರಿಸಿದ್ರು. ಅವಲಂಬನೆಯ ಸರಪಳಿ ತುಂಡಾಯಿತು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ವಿದ್ಯುತ್ ಬರೋದು ಸೌರಫಲಕಗಳಿಂದ. ಶಟಲ್ ತನ್ನ ಇಂಧನಕೋಶದ ನೀರನ್ನ ಅಲ್ಲಿಗೆ ಕೊಟ್ಟು ಬರ್ತಿತ್ತು. ಶಟಲ್ ನಿವೃತ್ತಿ ಹತ್ತಿರವಾದಾಗ, 2008ರಲ್ಲಿ ಮೂತ್ರ ಶುದ್ಧಿ ಯಂತ್ರ ಹೋಯ್ತು. 2009ರ ಮೇನಲ್ಲಿ ಯಾತ್ರಿಗಳು ಆ ನೀರು ಕುಡಿದ್ರು. ತೂಕವಿಲ್ಲದೆ ಮೂಳೆ ಸವೆದು ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತೆ. ಅದೇ ಗಟ್ಟಿಯಾಗಿ ಯಂತ್ರಾನೂ ಕಟ್ಟಿಕೊಂಡಿತು! 2023ರಲ್ಲಿ ನಾಸಾ ಶೇಕಡ 98 ನೀರು ಮರಳಿ ಪಡೆದ ಸುದ್ದಿ ಬಂತು.

ಅಂದಹಾಗೆ, ಆ ಯಂತ್ರ ಓಡೋಕೂ ಕರೆಂಟ್ ಬೇಕೇ ಬೇಕು. ಮಂಗಳಕ್ಕೆ ಹೊರಟವರು ಎಷ್ಟು ಲೀಟರ್ ನೀರನ್ನ ಸುಮ್ಮನೆ ಡ್ರಮ್ಮಿನಲ್ಲಿ ಇಟ್ಟುಕೊಳ್ಳಬೇಕು? ನೀವೇ ಲೆಕ್ಕ ಹಾಕಿ ಹೇಳಿ.