ಗಾಳಿ, ಹಲಗೆ ಮತ್ತು ಹಿನ್ನೀರು

ಬೀಳಗಿ ಕಡೆಯಿಂದ ವಿಜಯಪುರಕ್ಕೆ ಹೋಗುವವರಿಗೆ ಕೊರ್ತಿ-ಕೊಲ್ಹಾರ ಸೇತುವೆ ಗೊತ್ತೇ ಇರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಎರಡೂ ಬದಿ ಕಣ್ಣು ಹಾಯುವಷ್ಟು ನೀರು, ಮುಖಕ್ಕೆ ಹೊಡೆಯುವ ಗಾಳಿ. ಬಯಲುಸೀಮೆಯ ನಮಗೆ ಸಮುದ್ರ ಅಂದರೆ ಇದೇ. ಇಷ್ಟು ನೀರು, ಇಷ್ಟು ಗಾಳಿ ಇದ್ದೂ ಇಲ್ಲೊಂದು ಹಾಯಿ ಯಾಕೆ ಕಾಣುವುದಿಲ್ಲ? ಹೋದ ವರ್ಷ ಗೋವಾದಲ್ಲಿ ಎರಡು ದಿನ ವಿಂಡ್‌ಸರ್ಫಿಂಗ್‌ನ ಓನಾಮ ಕಲಿತು ಬಂದ ಮೇಲೆ ಈ ಪ್ರಶ್ನೆ ತಲೆ ತಿನ್ನತೊಡಗಿತು. ಹುಡುಕುತ್ತಾ ಹೋದರೆ ಎರಡು ಚರಿತ್ರೆ ಸಿಕ್ಕವು. ಒಂದು ಆ ಹಲಗೆಯದು, ಇನ್ನೊಂದು ಈ ನೀರಿನದು. ತಮಾಷೆ ಅಂದರೆ ಎರಡೂ ಒಂದೇ ಓರಗೆಯವು!

ನೋಡದವರಿಗೆ ಎರಡು ಮಾತು. ನೀರಿನ ಮೇಲೊಂದು ಅಗಲ ಹಲಗೆ, ಅದರ ಮೇಲೆ ಹಾಯಿಕಂಬ, ಅದನ್ನು ಹಿಡಿದು ನಿಂತ ಮನುಷ್ಯ. ಇಷ್ಟೇ. ಚುಕ್ಕಾಣಿ ಇಲ್ಲ. ಕಂಬದ ಬುಡದಲ್ಲಿ ಎಲ್ಲ ಕಡೆಗೂ ಬಾಗುವ ಕೀಲು ಇರುತ್ತದೆ, ಟ್ರ್ಯಾಕ್ಟರಿನ ಶಾಫ್ಟಿನಲ್ಲಿ ಇರುತ್ತದಲ್ಲ, ಆ ಥರದ್ದು. ಕಂಬವನ್ನು ಮುಂದಕ್ಕೆ ವಾಲಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆ ತಿರುಗುತ್ತದೆ, ಹಿಂದಕ್ಕೆ ವಾಲಿಸಿದರೆ ಗಾಳಿಯತ್ತ. ಇಡೀ ವಿದ್ಯೆ ಆ ಕೀಲಿನಲ್ಲಿದೆ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ ಅಂತ ಒಬ್ಬರಿದ್ದರು, ಬೋರ್ಡು ಬರೆಯುವ ಕಸುಬು. ಹೆಂಡತಿ ನವೋಮಿ ಜೊತೆ ಸೇರಿ 1964ರಲ್ಲಿ ಇಂಥದ್ದೊಂದು ಹಾಯಿಹಲಗೆ ಮಾಡಿದರು. 1965ರ ಆಗಸ್ಟ್‌ನಲ್ಲಿ ಅದನ್ನು ಮಾಡುವ ವಿಧಾನವನ್ನು 'ಪಾಪ್ಯುಲರ್ ಸೈನ್ಸ್' ಪತ್ರಿಕೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟರು. ಪೇಟೆಂಟ್ ಮಾಡಿಸಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್, ಕಂಪ್ಯೂಟರ್ ಕ್ಷೇತ್ರದ ಹೊಯ್ಲ್ ಶ್ವೈಟ್ಜರ್ (ನಮ್ಮವರೇ ಅನ್ನಿ :)) ಸೇರಿ ತಮ್ಮದೇ ಹಲಗೆ ತೇಲಿಸಿದರು. 1968ರಲ್ಲಿ ಅರ್ಜಿ ಹಾಕಿ 1970ರಲ್ಲಿ ಪೇಟೆಂಟ್ ಪಡೆದರು. ಆಮೇಲೆ ಯುರೋಪಿನ ತುಂಬ ಇದೇ ಹುಚ್ಚು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೂ ವಿಂಡ್‌ಸರ್ಫಿಂಗ್ ಬಂತು.

ನನಗೆ ಹಿಡಿಸಿದ್ದು ಮುಂದಿನ ಕಥೆ. ಪೇಟೆಂಟ್ ಹಿಡಿದು ಇಂಗ್ಲೆಂಡಿನಲ್ಲಿ ದಾವೆ ಹೂಡಿದಾಗ ಎದುರಾಳಿಗಳು ಪೀಟರ್ ಚಿಲ್ವರ್ಸ್ ಎಂಬುವರನ್ನು ಮುಂದಿಟ್ಟರು. 1958ರಲ್ಲಿ, 12 ವರ್ಷದ ಹುಡುಗನಾಗಿದ್ದಾಗ, ಹೇಲಿಂಗ್ ದ್ವೀಪದ ಹತ್ತಿರ ಆತ ಹಲಗೆಗೆ ಹಾಯಿ ಕಟ್ಟಿಕೊಂಡು ಆಡುತ್ತಿದ್ದ. ಕೊನೆಗೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ಹುಡುಗನ ಆಟವನ್ನೂ ಡಾರ್ಬಿಯ ಲೇಖನವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಬ್ರಿಟನ್ನಿನ ಪೇಟೆಂಟ್ ನಿಲ್ಲುವುದಿಲ್ಲ ಅಂದಿತು. ದಡದಲ್ಲಿ ಎಲ್ಲರ ಕಣ್ಣೆದುರು ಒಬ್ಬ ಹುಡುಗ ಆಡಿದ್ದೂ ಚರಿತ್ರೆಯೇ ಅಂತ ಕೋರ್ಟು ಒಪ್ಪಿಕೊಂಡ ಹಾಗಾಯಿತು.

ಇನ್ನು ನಮ್ಮ ನೀರಿನ ಕಥೆ. ಡಾರ್ಬಿ ಹಲಗೆ ಕೊರೆದ ಅದೇ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಹಲಗೆ ಒಲಿಂಪಿಕ್ಸ್‌ಗೆ ಹೋದಾಗಲೂ ನಮ್ಮ ಅಣೆಕಟ್ಟು ಮುಗಿದಿರಲಿಲ್ಲ. ಅಲ್ಲಿಯವರೆಗೆ ನಮ್ಮ ಕೃಷ್ಣೆ, ಘಟಪ್ರಭೆ ಮಳೆಗಾಲದಲ್ಲಿ ದಡ ಮೀರುವ, ಬೇಸಿಗೆಯಲ್ಲಿ ಸೊರಗುವ ಹೊಳೆಗಳು. ಹೊಳೆ ದಾಟಲು ಹರಿಗೋಲು, ತೆಪ್ಪ. ಈಸು ಕಲಿಯಲು ಬಾವಿ, ಸೊಂಟಕ್ಕೆ ಒಣಗಿದ ಬುರುಡೆ. ಬೇಸಿಗೆಯಲ್ಲೂ ನೀರು ನಿಲ್ಲಲಿ ಅಂತ ಜಮಖಂಡಿ ಕಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ದುಡ್ಡು ಹಾಕಿ, ಬೆವರು ಸುರಿಸಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಅದಕ್ಕೆ ಇಟ್ಟ ಹೆಸರು ಶ್ರಮಬಿಂದು ಸಾಗರ. ಕೊನೆಗೆ 2005ರ ಹೊತ್ತಿಗೆ ಆಲಮಟ್ಟಿ ಪೂರ್ತಿಯಾಗಿ, ನೀರು 519.6 ಮೀಟರ್ ಮಟ್ಟದವರೆಗೆ ನಿಲ್ಲುವಂತಾಯಿತು.

ಹೊಳೆ ಸಾಗರವಾಯಿತು, ಊರು ಕೆಳಗಾದವು. ಹಳೆ ಬಾಗಲಕೋಟೆಯ ಜನ ನವನಗರಕ್ಕೆ ಹೋದರು, ಬೀಳಗಿ ತಾಲ್ಲೂಕಿನ ದಂಡೆಯ ಹಳ್ಳಿಗಳವರು ಪುನರ್ವಸತಿ ಕೇಂದ್ರಗಳಿಗೆ ಹೋದರು. ಹೊಳೆಯ ಮಡು, ಸುಳಿ, ದಾರಿ ಬಲ್ಲವರೇ ಹೊಳೆಯಿಂದ ದೂರವಾದರು. ಹಾಯಿ ಯಾಕಿಲ್ಲ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇದು: ಕರಾವಳಿಯವರಿಗೆ ಕಡಲಿನ ಜೊತೆ ತಲೆತಲಾಂತರದ ನಂಟು. ಈ ಹಿನ್ನೀರಿಗೆ ಮಾತ್ರ ನಾವೆಲ್ಲ ಹೊಸಬರು. ಅದೂ ಕಳೆದುಕೊಂಡ ನೋವಿನ ಹೊಸಬರು. ಮನೆ ಮುಳುಗಿದ ಜಾಗದಲ್ಲಿ ಆಟ ಆಡಲು ಯಾರಿಗೆ ಮನಸ್ಸು ಬಂದೀತು?

ಹಾಗಂತ ಕಲಿಕೆ ನಮ್ಮಿಂದ ಆಗದ್ದೇನಲ್ಲ. ಮೊದಲ ಪಾಠವೇ ಗಾಳಿ ಯಾವ ಕಡೆಯಿಂದ ಅಂತ ನೋಡುವುದು. ಕಣದಲ್ಲಿ ರಾಶಿ ತೂರುವವರು ನೋಡುವುದೂ ಅದನ್ನೇ, 'ಗಾಳಿ ಬಂದಾಗ ತೂರಿಕೋ' ಅಂತ ಗಾದೆ ಮಾಡಿದವರು ನಾವು! ಎರಡನೆಯದು, ಗಾಳಿಗೆ ಬೆನ್ನು ಕೊಟ್ಟು, ಮೊಣಕಾಲು ಬಾಗಿಸಿ, ನೀರಲ್ಲಿ ಮಲಗಿರುವ ಹಾಯಿಯನ್ನು ಹಗ್ಗದಿಂದ ನಿಧಾನ ಎತ್ತುವುದು. ಅವಸರ ಮಾಡಿದರೆ ಹಾಯಿ ಮೇಲಿನ ನೀರಿನ ಭಾರ ನಡ ಮುರಿಯುತ್ತದೆ. ನೀರು ಸೋರಿ ಹೋಗಲು ಬಿಟ್ಟರೆ ಹಾಯಿ ತಾನೇ ಹಗುರಾಗುತ್ತದೆ. ಮೂರನೆಯದು, ಬೀಳುವುದು (ಇದನ್ನು ಯಾರೂ ಹೇಳಿಕೊಡಬೇಕಿಲ್ಲ). ನಾಲ್ಕನೆಯದು, ಏನೇ ಆಗಲಿ ಹಲಗೆ ಬಿಟ್ಟು ಈಸಲು ಹೋಗಬಾರದು, ಬುರುಡೆ ಬಿಡಬಾರದು ಅಂದ ಹಾಗೆ. ದಡದಿಂದ ನೀರಿನತ್ತ ಗಾಳಿ ಬೀಸುವಾಗ ಹೊಸಬರು ಇಳಿಯಲೇಬಾರದು.

2010ರಲ್ಲಿ ಕೃಷ್ಣಾ ನ್ಯಾಯಮಂಡಳಿ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಅಷ್ಟು ಏರಿದರೆ ಇನ್ನಷ್ಟು ಹೊಲ, ಇನ್ನಷ್ಟು ಊರು ಮುಳುಗುತ್ತವೆ. ಇವತ್ತಲ್ಲ ನಾಳೆ ಯಾರಾದರೂ ಈ ದಂಡೆಯಲ್ಲಿ ರೆಸಾರ್ಟು ತೆಗೆದು ಬಣ್ಣದ ಹಾಯಿ ಬಿಟ್ಟಾರು. ಬಿಡಲಿ, ನನ್ನ ತಕರಾರಿಲ್ಲ. ಆದರೆ ಆ ಹಲಗೆ ಮೇಲೆ ಮೊದಲು ನಿಂತು ಬಿದ್ದು ಕಲಿಯುವ ಹಕ್ಕು ಪುನರ್ವಸತಿ ಕೇಂದ್ರದ ಮಕ್ಕಳದು, ಕಲಿಸಿ ಸಂಬಳ ಪಡೆಯುವ ಹಕ್ಕೂ ಅವರದೇ ಅಂತ ನನ್ನ ಅನಿಸಿಕೆ. ಅಜ್ಜನ ಹೊಲದ ಮೇಲೆ ಹಾಯಿ ಹಿಡಿದ ಹುಡುಗಿಯ ಆಟವೂ ಚರಿತ್ರೆಯ ಲೆಕ್ಕಕ್ಕೆ ಬರಬೇಕಲ್ಲವೇ?

ನೀವೇನಂತೀರಿ?